ಮುತ್ತತ್ತಿಯ ಬಂಡೆಯ ಮೇಲೆ ಆದ ಸರ್ವಾನುಮತ

ಹಾಲು ಒಕ್ಕೂಟದ ಮಾನ್ಯ ಉಪ ವ್ಯವಸ್ಥಾಪಕರೇ,

ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಎರಡು ವರ್ಷ ಹಾಲು ಪರೀಕ್ಷಕಿಯಾಗಿದ್ದ ಶೋಭಿತಾ ಎಂಬ ಹೆಣ್ಣುಮಗಳನ್ನು ಯಂತ್ರದ ಮುಂದಿನಿಂದ ಎಬ್ಬಿಸಿ, ಕೈಗೆ ಪೊರಕೆ ಕೊಟ್ಟು, ಅದಕ್ಕೆ ‘ಸ್ವಚ್ಛತಾ ಮೇಲ್ವಿಚಾರಕಿ’ ಎಂದು ಹೆಸರಿಟ್ಟರಲ್ಲ, ಆ ತೀರ್ಮಾನವನ್ನು ನೀವು ಎತ್ತಿಹಿಡಿದಿದ್ದೀರಿ. ಪೊರಕೆ ಹಿಡಿಯಲು ಒಪ್ಪದೆ ಅವಳು ಮನೆಯಲ್ಲಿ ಕುಳಿತಿದ್ದಾಳೆ. ಹೇಳದೆ ಕೇಳದೆ ಗೈರುಹಾಜರಾದಳು ಎಂಬ ಕಾರಣ ಕೊಟ್ಟು, ಬರುವ ಇಪ್ಪತ್ತೆಂಟನೆಯ ತಾರೀಖಿನ ಸಭೆಯಲ್ಲಿ ಅವಳನ್ನು ಕೆಲಸದಿಂದಲೇ ತೆಗೆಯಲಿದ್ದಾರೆ. ಅದನ್ನು ನೀವು ತಡೆಯಬೇಕು. ನಿಮ್ಮ ಕಚೇರಿಯ ಪತ್ರ ಇದನ್ನು ‘ಆಡಳಿತ ಮಂಡಳಿಯ ಸರ್ವಾನುಮತದ ನಿರ್ಣಯ’ ಎನ್ನುತ್ತದೆ. ಆ ಸರ್ವಾನುಮತದ ಕೆಳಗೆ ಒಂಬತ್ತು ಸಹಿಗಳಿವೆ. ನಾಲ್ಕನೆಯದು ನನ್ನದು. ನಾಚಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಲ್ಲಿ ಸಿಟ್ಟು ಕಂಡರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲಿನದೇ ಎಂದು ತಿಳಿಯಿರಿ.

ನಾನು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಳಗೆ ಎರಡು ಕಿಲೋಮೀಟರ್ ನಮ್ಮೂರು. ಮನೆಯಲ್ಲಿ ಎರಡು ಸೀಮೆಹಸು ಇವೆ. ಆ ಅರ್ಹತೆಯ ಮೇಲೆ ಏಳು ವರ್ಷದಿಂದ ಸಂಘದ ನಿರ್ದೇಶಕ. ‘ಮೇಷ್ಟ್ರು ಇದ್ರೆ ಬೋರ್ಡಿಗೆ ಒಂದು ತೂಕ’ ಎಂದು ಕರೆದು ಕೂರಿಸಿದರು. ತಕ್ಕಡಿಗೆ ಹಾಕುವ ಕಲ್ಲಿಗೂ ತೂಕವಿರುತ್ತದೆ, ಅದೇನು ಮಾತಾಡುತ್ತದೆಯೇ? ಶೋಭಿತಾ ನಮ್ಮೂರ ಕಾಲೋನಿಯ ಕರಿಯಯ್ಯ ಮತ್ತು ಪಟ್ಟಲಮ್ಮನವರ ಮಗಳು. ಒಂಬತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ, ಆಮೇಲೆ ಬಿ.ಎಸ್ಸಿ. ಮಾಡಿದಳು. ಕಾಲೋನಿಯವರು ಅಲ್ಲಿಯವರೆಗೆ ಡೈರಿಯ ಕಿಟಕಿಯ ಹೊರಗೆ ನಿಂತು ಹಾಲು ಹಾಕಿದ್ದರೇ ಹೊರತು ಒಳಗಿನ ಕುರ್ಚಿಯಲ್ಲಿ ಕುಳಿತವರಲ್ಲ. ಇವಳ ನೇಮಕವಾದ ದಿನ ನಾವು, ಊರಿನ ಜಮೀನುದಾರ ಮನೆಗಳ ಹಿರಿಯರು, ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು. ನಾನಂತೂ ಎರಡು ದಿನ ಊರೆಲ್ಲ ಹೇಳಿಕೊಂಡು ತಿರುಗಿದೆ, ‘ನನ್ನ ಶಿಷ್ಯೆ ಕಣ್ರಯ್ಯ’ ಎಂದು.

ಅವಳು ಬರುವ ಮೊದಲು ನಮ್ಮ ಡೈರಿಯಲ್ಲಿ ಮುಖ ನೋಡಿ ಮಣೆ ಹಾಕುವ ಹಾಗೆ ಮುಖ ನೋಡಿ ಫ್ಯಾಟಿನ ಅಂಕಿ ಹಾಕಿ ದರ ಕಟ್ಟುತ್ತಿದ್ದರು. ನಿಮಗೆ ಇದು ತಿಳಿಯದ ವಿಷಯವೇನಲ್ಲ. ಅಧ್ಯಕ್ಷರ ಮನೆಯ ಹಾಲು ಬೇಸಿಗೆಯಲ್ಲೂ ಗಟ್ಟಿ, ವಿಧವೆ ಹೆಣ್ಣುಮಗಳ ಒಂದೂವರೆ ಲೀಟರು ಮಾತ್ರ ಯಾವಾಗಲೂ ತೆಳು. ಶೋಭಿತಾ ಕುಳಿತ ಮೇಲೆ ಯಂತ್ರ ತೋರಿಸಿದ್ದನ್ನು ಬರೆಯತೊಡಗಿದಳು. ಅದರ ಹೊರತು ಅವಳು ಬೇರೇನೂ ಮಾಡಲಿಲ್ಲ. ಕಾಲೋನಿಯ ಎಮ್ಮೆ ಹಾಲು ಎಷ್ಟು ಗಟ್ಟಿ ಎಂಬುದು ಊರಿಗೆ ಗೊತ್ತಾಯಿತು, ನಮ್ಮ ಬೀದಿಯ ಹಾಲು ಎಷ್ಟು ತೆಳು ಎಂಬುದೂ ಗೊತ್ತಾಯಿತು. ಎರಡೂ ಒಂದೇ ಪಟ್ಟಿಯಲ್ಲಿ, ಒಂದರ ಕೆಳಗೆ ಒಂದು, ಗೋಡೆಯ ಮೇಲೆ ಅಂಟಿರುತ್ತಿದ್ದವು. ಪಟ್ಟಿಯ ಮುಂದೆ ನಿಂತು ಓದುವವರು ಕಡಿಮೆಯಾದರು.

ಇನ್ನು ನನ್ನ ಕಥೆ. ಕಳೆದ ಶ್ರಾವಣದ ಒಂದು ಬೆಳಿಗ್ಗೆ ನಾನೇ ಕ್ಯಾನ್ ಹೊತ್ತು ಡೈರಿಗೆ ಹೋದೆ. ಸಾಲಿನಲ್ಲಿ ಹದಿನೈದು ಇಪ್ಪತ್ತು ಜನ. ಶೋಭಿತಾ ಹಾಲು ತೆಗೆದು ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ಎದ್ದು ನಿಂತು, ದನಿ ತಗ್ಗಿಸಿಯೇ ಹೇಳಿದಳು.

“ಸಾರ್, ಇವತ್ತು ಡಿಗ್ರಿ ಬಂದಿಲ್ಲ. ನೀರ್ ಸೇರ್ಕಂಡದೆ. ತಗಳಕಾಗಲ್ಲ ಸಾರ್.”

“ಇನ್ನೊಂದ್ ಸಲ ಹಾಕಿ ನೋಡವ್ವ,” ಎಂದೆ.

“ಎರಡ್ ಸಲ ನೋಡ್ದೆ ಸಾರ್. ನೀವೇ ಹೇಳ್ಕೊಟ್ಟಿದ್ದಲ್ವಾ, ನೀರು ಸೇರಿದ್ರೆ ಲ್ಯಾಕ್ಟೋಮೀಟರು ಜಾಸ್ತಿ ಮುಳುಗ್ತದೆ ಅಂತ.”

ಹಿಂದಿನಿಂದ ಯಾರೋ ಕೂಗಿದರು: “ಮೇಷ್ಟ್ರ ಮನೆ ಹಾಲೂ ಫೇಲ್ ಕಣ್ಲಾ!” ಸಾಲಿಗೆ ಸಾಲೇ ನಕ್ಕಿತು. ಅವಳು ನಗಲಿಲ್ಲ. ಕ್ಯಾನಿನ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಸರಿಸಿದಳು.

ಅವಳು ಹೇಳಿದ್ದು ನಿಜ. ಹಾಲು ಕರೆದ ಚೊಂಬಿಗೆ ನೀರು ಹಾಕಿ ಗಲಬರಿಸಿ ಆ ನೀರನ್ನೂ ಕ್ಯಾನಿಗೇ ಸುರಿಯುವುದು ನಮ್ಮ ಕಡೆ ಹೆಂಗಸರ ರೂಢಿ. ತಳಕ್ಕೆ ಅಂಟಿದ ಹಾಲು ಬಚ್ಚಲಿಗೆ ಹೋಗಬಾರದು, ಅದು ಲಕ್ಷ್ಮಿ ಎಂಬ ಭಾವನೆ. ಅದನ್ನು ಮೋಸ ಎಂದು ಯಾರೂ ತಿಳಿದಿಲ್ಲ. ಆ ದಿನ ನನ್ನ ಹೆಂಡತಿ ದೇವಿರಮ್ಮ ಚೊಂಬು, ಪಾತ್ರೆ, ಸೋಸುವ ಬಟ್ಟೆ ಎಲ್ಲವನ್ನೂ ಸ್ವಲ್ಪ ಧಾರಾಳವಾಗಿಯೇ ಗಲಬರಿಸಿದ್ದಳು. ಇದು ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷ ಸಾಂದ್ರತೆಯ ಪಾಠ ಹೇಳಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಕ್ಯಾನ್ ಹಿಡಿದು ಆಚೆ ಬರುವಾಗ ಕಿವಿ ಬಿಸಿಯಾಗಿತ್ತು. ಬಾಗಿಲಲ್ಲಿ ಸಂಘದ ಕಾರ್ಯದರ್ಶಿ ಸಿದ್ದರಾಮು ಸಿಕ್ಕಿದ. ಅವನು ನನ್ನ ದೊಡ್ಡಮ್ಮನ ಮೊಮ್ಮಗ, ನನಗೆ ಮಗನಾಗಬೇಕು. ಅವನಿಗೆ ಒಂದೇ ಒಂದು ಮಾತು ಹೇಳಿದೆ.

“ಆ ಮಗೀಗೆ ಒಸಿ ಹೇಳಪ್ಪ ಸಿದ್ದರಾಮು, ಯಾರ್ ಹತ್ರ ಹೆಂಗ್ ಮಾತಾಡ್ಬೇಕು ಅಂತ.”

“ಬುಡಿ ಚಿಕ್ಕಪ್ಪ, ನಾನ್ ನೋಡ್ಕತೀನಿ,” ಎಂದ.

ಮನೆಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ನಾನು ಆ ಮಾತು ಮರೆತೆ. ಸಿದ್ದರಾಮು ಮರೆಯಲಿಲ್ಲ.

ದಸರಾ ಕಳೆದ ಮೇಲೆ ಆಡಳಿತ ಮಂಡಳಿಯವರು ವರ್ಷಕ್ಕೊಮ್ಮೆ ಮುತ್ತತ್ತಿಗೆ ಹೋಗುವುದು ವಾಡಿಕೆ. ಹದಿಮೂರು ನಿರ್ದೇಶಕರಲ್ಲಿ ಒಂಬತ್ತು ಜನ ಒಂದು ಟೆಂಪೋದಲ್ಲಿ ಹೋದೆವು. ಆಂಜನೇಯನಿಗೆ ಕೈಮುಗಿದು, ದೇವಸ್ಥಾನದಿಂದ ದೂರ ಬಂದು, ಹೊಳೆದಂಡೆಯ ಮರದ ಕೆಳಗೆ ಒಲೆ ಹೂಡಿ ಬಾಡೂಟ ಮಾಡಿದೆವು. ಉಂಡು, ಎಲೆ ಅಡಿಕೆ ಹಾಕಿ, ಬಂಡೆಯ ಮೇಲೆ ಒಬ್ಬೊಬ್ಬರೇ ಒರಗುತ್ತಿದ್ದಾಗ ಸಿದ್ದರಾಮು ಕೈಚೀಲದಿಂದ ನಡಾವಳಿ ಪುಸ್ತಕ ತೆಗೆದ. “ತಿಂಗಳ ಮೀಟಿಂಗು ಬಾಕಿ ಅದೆ. ಎಲ್ರೂ ಇಲ್ಲೇ ಇದ್ದೀರಿ, ಒಂದೊಂದ್ ಸೈನ್ ಹಾಕ್ಬುಡಿ. ಆಮೇಲ್ ಬರ್ಕತೀನಿ.” ಪುಟದ ಮೇಲ್ಭಾಗ ಖಾಲಿ. ಕೆಳಗೆ ಒಂದರಿಂದ ಹದಿಮೂರರವರೆಗೆ ಸಂಖ್ಯೆ. ನನ್ನ ಪಕ್ಕದಲ್ಲಿದ್ದ ಹಿರಿಯ ನಿರ್ದೇಶಕ ಜವರಯ್ಯ ಕೈ ತೊಳೆದಿರಲಿಲ್ಲ, ಅವರ ಹೆಬ್ಬೆರಳಿನ ಸಾರಿನ ಕಲೆ ಇವತ್ತಿಗೂ ಆ ಪುಟದ ಅಂಚಿನಲ್ಲಿದೆ. ಬೇಕಾದರೆ ಪುಸ್ತಕ ತರಿಸಿ ನೋಡಿ.

ಏನು ಬರೆಯುತ್ತೀಯಪ್ಪ ಎಂದು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ಏಳು ವರ್ಷದಲ್ಲಿ ನಾನು ಹಾಕಿದ ಸಹಿಗಳಲ್ಲಿ ಮೇಲೆ ಏನಾದರೂ ಬರೆದಿದ್ದಾಗ ಹಾಕಿದ್ದು ಎಷ್ಟು ಎಂದು ಎಣಿಸಲು ಒಂದು ಕೈಯ ಬೆರಳು ಸಾಕು. ಓದಿ ಸಹಿ ಮಾಡುತ್ತೇನೆ ಎಂದರೆ ‘ನನ್ ಮೇಲೆ ನಂಬಿಕೆ ಇಲ್ವಾ ಚಿಕ್ಕಪ್ಪ’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಇದೆ ಎಂದರೆ ಸಹಿ ಹಾಕಬೇಕು, ಇಲ್ಲ ಎಂದರೆ ಮುಂದಿನ ಮದುವೆ ಮುಂಜಿಗೆ ಮುಖ ತೋರಿಸುವ ಹಾಗಿಲ್ಲ. ಓದುವುದು ನೆಂಟಸ್ತಿಕೆಗೆ ಮಾಡುವ ಅವಮಾನ. ಅಕ್ಷರ ಕಲಿಸಿ ಸಂಬಳ ತೆಗೆದುಕೊಂಡವನು, ಓದಿದರೆ ಎಲ್ಲಿ ಬೇಸರ ಮಾಡಿಕೊಳ್ಳುತ್ತಾರೋ ಎಂದು ಓದದೆ ಬದುಕಿದ್ದೇನೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ವಾರ ಕಳೆದ ಮೇಲೆ ಆ ಖಾಲಿ ಜಾಗದಲ್ಲಿ ಹೀಗೆ ಬರೆಯಲಾಗಿತ್ತು: ‘ಒಕ್ಕೂಟದ ಸುತ್ತೋಲೆಯನ್ವಯ ಹಾಗೂ ಸಿಬ್ಬಂದಿಯ ವರ್ತನೆ ಕುರಿತು ಹಿರಿಯ ನಿರ್ದೇಶಕರೊಬ್ಬರು ನೀಡಿದ ದೂರನ್ನು ಪರಿಗಣಿಸಿ, ಕುಮಾರಿ ಶೋಭಿತಾ ಅವರನ್ನು ಸಂಘದ ಹಿತದೃಷ್ಟಿಯಿಂದ ಸ್ವಚ್ಛತಾ ಮೇಲ್ವಿಚಾರಕಿಯಾಗಿ ನಿಯೋಜಿಸಲು ಸಭೆಯು ದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿತು.’ ದೀರ್ಘವಾಗಿ ಚರ್ಚಿಸಿದ್ದು ಸುಳ್ಳಲ್ಲ ಮಾನ್ಯರೇ. ಬಾಡು ಬೆಂದಿದೆಯೋ, ಇನ್ನೊಂದು ಕುದಿ ಬರಬೇಕೋ ಎಂದು ಮುಕ್ಕಾಲು ಗಂಟೆ ಚರ್ಚಿಸಿದ್ದೆವು, ಅದರಲ್ಲೂ ಸರ್ವಾನುಮತ ಬಂದಿರಲಿಲ್ಲ. ಮೇಲ್ವಿಚಾರಕಿಯ ಕೆಲಸವೇನೆಂದರೆ ಬೆಳಿಗ್ಗೆ ಸಂಜೆ ಅಂಗಳ ಗುಡಿಸಿ, ನೆಲ ತೊಳೆದು, ಕ್ಯಾನ್ ಉಜ್ಜುವುದು. ಅವಳ ಮೇಲ್ವಿಚಾರಣೆಯಲ್ಲಿ ಒಂದು ಪೊರಕೆ, ಒಂದು ಬಕೆಟ್ಟು. ಯಂತ್ರದ ಮುಂದೆ ಅಧ್ಯಕ್ಷರ ತಂಗಿಯ ಮಗ ಕುಳಿತ. ಅವನು ಕುಳಿತ ಮೊದಲ ದಿನವೇ ನಮ್ಮ ಮನೆಯ ಹಾಲು, ಅದೇ ಗಲಬರಿಸಿದ ನೀರಿನ ಸಮೇತ, ಒಳ್ಳೆಯ ಅಂಕ ತೆಗೆದು ಪಾಸಾಯಿತು.

ಅವಳು ಮರುದಿನದಿಂದ ಬರಲಿಲ್ಲ. ನಿಮಗೆ ಅರ್ಜಿ ಬರೆದಳು. ಆ ಸುದ್ದಿ ಕೇಳಿದ ಮೇಲೆ ನನಗೆ ಎಚ್ಚರವಾಗಿ, ಈ ತೀರ್ಮಾನ ಮಾಡಿದವರು ಯಾರು ಎಂದು ಹುಡುಕಲು ಹೊರಟೆ. ನಾನೂ ಒಬ್ಬ ಸಹಿದಾರ ಎಂಬುದನ್ನು ಪಕ್ಕಕ್ಕಿಟ್ಟು, ಪತ್ತೇದಾರನ ಹಾಗೆ ಹೊರಟ ನನ್ನನ್ನು ನೆನೆದರೆ ಈಗ ನಗು ಬರುತ್ತದೆ. ಸಿದ್ದರಾಮುವನ್ನು ಕೇಳಿದೆ. “ನಾನೆಲ್ಲಿ ಮಾಡ್ದೆ ಚಿಕ್ಕಪ್ಪ? ನಾನು ಬರ್ಯೋನು. ತೀರ್ಮಾನ ಬೋರ್ಡಿಂದು,” ಎಂದ. ಅಧ್ಯಕ್ಷರನ್ನು ಕೇಳಿದೆ. “ಒಕ್ಕೂಟದಿಂದ ಸುತ್ತೋಲೆ ಬಂದದೆ ಮೇಷ್ಟ್ರೇ, ಇರೋರಲ್ಲೇ ಒಬ್ರನ್ನ ಸ್ವಚ್ಛತೆಗೆ ನೇಮಿಸ್ಬೇಕು ಅಂತ. ನಮ್ ಕೈಲೇನದೆ?” ಎಂದರು. ಸುತ್ತೋಲೆ ತರಿಸಿ ನೋಡಿದೆ. ನಿಮ್ಮದೇ ಸಹಿ. ಅದರಲ್ಲಿ ಒಬ್ಬರನ್ನು ನೇಮಿಸಿ ಎಂದಿದೆ, ಯಾರನ್ನು ಎಂದಿಲ್ಲ. ಸಂಘದಲ್ಲಿ ಸಿಬ್ಬಂದಿ ನಾಲ್ಕು ಜನ. ಆ ನಾಲ್ವರಲ್ಲಿ ಪೊರಕೆ ಯಾರ ಕೈಗೆ ಹೋಗುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ, ನಿಮಗೂ ಹೇಳಿಕೊಡಬೇಕಾಗಿಲ್ಲ. ಜಾತಿಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತದೆಯೇ ಕೆಲಸ ಆಗುವಾಗ ಎತ್ತುವುದೇಕೆ?

ಕೊನೆಗೆ ಜವರಯ್ಯನವರ ಹತ್ತಿರ ಹೋದೆ. ಎಪ್ಪತ್ತೈದು ದಾಟಿದ ಮನುಷ್ಯ, ಹೆಸರು ಬರೆಯಲು ಮಾತ್ರ ಬರುತ್ತದೆ. ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದರು. ಆ ದೂರು ಕೊಟ್ಟ ಹಿರಿಯ ನಿರ್ದೇಶಕ ಯಾರಿರಬಹುದು, ನಿಮಗೇನಾದರೂ ಗೊತ್ತೇ ಎಂದು ಕೇಳಿದೆ. ಅವರು ಹುಲ್ಲು ಕೆಳಗಿಟ್ಟು ನನ್ನನ್ನೇ ನೋಡಿದರು.

“ನನ್ನುನ್ನ ಕೇಳಕ್ ಬಂದಿದ್ದೀರಲ್ಲ, ಅದು ನೀವೇ ಕಣ್ ಮೇಷ್ಟ್ರೇ. ‘ಮೇಷ್ಟ್ರಿಗೇ ಎದುರುತ್ತರ ಕೊಟ್ಟವ್ಳೆ, ಮೇಷ್ಟ್ರು ಬಾಳಾ ನೊಂದ್ಕಂಡವ್ರೆ’ ಅಂತ ಸಿದ್ದರಾಮು ಮನೆ ಮನೆಗೂ ಹೇಳ್ಕಂಡ್ ಬಂದ. ನೀವ್ ನೊಂದ್ಕಂಡ್ ಮೇಲೆ ನಾವ್ಯಾರು ಬ್ಯಾಡ ಅನ್ನಕೆ?”

ಮಾನ್ಯರೇ, ನಾನು ಅಲ್ಲಿಯೇ ಹಸುವಿನ ಕಲಗಚ್ಚಿನ ಬಾನಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಯಾರ್ ಹತ್ರ ಹೆಂಗ್ ಮಾತಾಡ್ಬೇಕು ಎಂದಿದ್ದೆನಲ್ಲ, ಆ ‘ಯಾರ್ ಹತ್ರ’ ಎಂದರೆ ಏನು? ಅಧ್ಯಕ್ಷರ ತಂಗಿಯ ಮಗ ಅದೇ ಕ್ಯಾನನ್ನು ವಾಪಸು ಸರಿಸಿದ್ದರೆ ನಾನೂ ಸಾಲಿನವರ ಜೊತೆ ನಕ್ಕು, ‘ಲೋ, ನಿಮ್ಮತ್ತೆಗೆ ಹೇಳ್ತೀನಿ ಇರು’ ಎಂದು ಹೊರಡುತ್ತಿದ್ದೆ. ಇವಳು ಸರಿಸಿದ್ದಕ್ಕೆ ಕಿವಿ ಬಿಸಿಯಾಯಿತು. ಇದನ್ನು ಎಷ್ಟು ತಿರುಗಿಸಿ ನೋಡಿದರೂ ಬೇರೆ ಅರ್ಥ ಹೊರಡುವುದಿಲ್ಲ. ಶಿಷ್ಯೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು, ಕಲಿಸಿದ್ದನ್ನು ಅವಳು ನನ್ನ ಮೇಲೆಯೇ ಪ್ರಯೋಗಿಸಿದ ದಿನ ಅವಳ ಕೇರಿಯನ್ನು ನೆನಪಿಸಿಕೊಂಡೆ. ನನ್ನ ಬಗ್ಗೆ ನಾನು ಇಟ್ಟುಕೊಂಡಿದ್ದ ಒಳ್ಳೆಯ ಅಭಿಪ್ರಾಯ ಅಲ್ಲಿಗೆ ಮುಗಿಯಿತು.

ಹಾಗಾದರೆ ತೀರ್ಮಾನ ಮಾಡಿದ್ದು ನಾನೇ ಎಂದು ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಅದೂ ಪೂರ್ತಿ ನಿಜವಲ್ಲ. ನಾನು ಗೊಣಗಿದೆ. ಸಿದ್ದರಾಮು ಅದನ್ನು ದೂರು ಮಾಡಿದ. ನಿಮ್ಮ ಸುತ್ತೋಲೆ ಅದಕ್ಕೆ ಹುದ್ದೆ ಒದಗಿಸಿತು. ಬಾಡೂಟ ಅದಕ್ಕೆ ಸಭೆ ಒದಗಿಸಿತು. ಒಂಬತ್ತು ಜನ ಮೇಲೇನಿದೆ ಎಂದು ನೋಡದೆ ಸಹಿ ಹಾಕಿದೆವು, ನೀವು ಕೆಳಗೇನು ನಡೆದಿದೆ ಎಂದು ನೋಡದೆ ಮೊಹರು ಒತ್ತಿದಿರಿ. ನಮ್ಮೂರ ಸಂಘದಲ್ಲಿ ಮಾತ್ರ ಹೀಗೆ ಎಂದುಕೊಂಡಿದ್ದೆ. ಈಗ ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡಿದ ಗೆಳೆಯರನ್ನು ಕೇಳಿದರೆ ಎಲ್ಲ ಕಡೆಯೂ ಇದೇ ಕಥೆ. ತೀರ್ಮಾನ ಎಂಬುದು ಯಾರೋ ಕುಳಿತು, ಯೋಚಿಸಿ, ತೂಗಿ ನೋಡಿ ಮಾಡುವ ಕೆಲಸ ಎಂದು ಪುಸ್ತಕದಲ್ಲಿ ಇರಬಹುದು. ನಾನು ಕಂಡ ತೀರ್ಮಾನಗಳು ಹಿತ್ತಲಲ್ಲಿ ಕುಂಬಳಬಳ್ಳಿ ಹಬ್ಬಿದ ಹಾಗೆ ಹಬ್ಬಿದವು. ಬೀಜ ಯಾರು ಎಸೆದರೋ ಯಾರಿಗೂ ನೆನಪಿರುವುದಿಲ್ಲ, ಕಾಯಿ ಬಿಟ್ಟ ಮೇಲೆ ಎಲ್ಲರೂ ಸಾಂಬಾರು ಮಾಡಿಕೊಂಡು ಉಣ್ಣುತ್ತಾರೆ. ಆಗಿಹೋಗಿದ್ದಕ್ಕೆ ಕಾರಣ ಹುಡುಕಿ ಬರೆಯುವುದಕ್ಕೆ ಕಾರ್ಯದರ್ಶಿ, ಬರೆದದ್ದಕ್ಕೆ ಗೌರವ ತರುವುದಕ್ಕೆ ಮೇಷ್ಟ್ರು, ಗೌರವಕ್ಕೆ ಮೊಹರು ಹಾಕುವುದಕ್ಕೆ ತಾವು. ಅಷ್ಟೂ ಜನರಲ್ಲಿ ಒಬ್ಬರಾದರೂ ಆ ಹುಡುಗಿಯನ್ನು ಕರೆದು ‘ಏನಾಯ್ತವ್ವ’ ಎಂದು ಕೇಳಿದೆವೇ?

ನಮ್ಮ ಸೀಮೆಯವರ ಬಾಯಿ ಜೋರು ಎಂದು ನಾಡಿಗೆಲ್ಲ ಗೊತ್ತು, ಅದರ ಬಗ್ಗೆ ನಮಗೆ ಜಂಬವೂ ಉಂಟು. ನಾಲೆ ನೀರು ಒಂದು ಗಳಿಗೆ ತಡವಾದರೆ ಇಂಜಿನಿಯರನ ಕಾಲರು ಹಿಡಿಯುತ್ತೇವೆ. ಬಸ್ಸಿನ ಸೀಟಿಗೆ, ಬದುವಿನ ಮೊಳ ನೆಲಕ್ಕೆ ಮುಖ ಮೂತಿ ನೋಡದೆ ಮಾತಾಡುತ್ತೇವೆ. ಆದರೆ ಉದ್ದನೆಯ ಮೇಜು, ಅದರ ಮೇಲೆ ಹಸಿರು ಬಟ್ಟೆ, ಮುಂದೆ ವಡೆಯ ತಟ್ಟೆ ಇಟ್ಟು ‘ಮೀಟಿಂಗು’ ಎಂದರೆ ಅದೇ ಜನಕ್ಕೆ ಗರ ಬಡಿಯುತ್ತದೆ. ನಾನು ಪ್ರತಿ ವರ್ಷ ಮಕ್ಕಳನ್ನು ಶಿವಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಧ್ವಜ ಸತ್ಯಾಗ್ರಹದ ಸ್ಮಾರಕದ ಮುಂದೆ ಸಾಲಾಗಿ ನಿಲ್ಲಿಸಿ, ಬೇಡವೆಂದು ಸರ್ಕಾರ ಹೇಳಿದರೂ ಬಾವುಟ ಏರಿಸಿದವರ ಊರು ಇದು ಎಂದು ಗಂಟಲು ಹರಿಯುವಂತೆ ಭಾಷಣ ಮಾಡುತ್ತಿದ್ದೆ. ಆ ಸಾಲಿನಲ್ಲಿ ಶೋಭಿತಾ ಕೂಡ ನಿಂತಿದ್ದಳು. ಅವಳು ಭಾಷಣ ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ. ಮಾಡಿದವನಿಗೆ ಕೇಳಿಸಿರಲಿಲ್ಲ.

ಜವರಯ್ಯನವರ ಕೊಟ್ಟಿಗೆಯಿಂದ ನೇರ ಅವಳ ಮನೆಗೆ ಹೋಗಬೇಕಿತ್ತು. ನಾಲ್ಕು ದಿನ ಬಿಟ್ಟು ಹೋದೆ. ಪಟ್ಟಲಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಮೊರ ಕೆಳಗಿಡದೆ ಮಾತಾಡಿದರು.

“ಪರ್ಕೆ ಇಡ್ಯಕೆ ನಮ್ಗೇನ್ ನಾಚ್ಕೆ ಇಲ್ಲ ಮೇಷ್ಟ್ರೇ. ನಾನ್ ಇಡ್ದಿವ್ನಿ, ನಮ್ಮತ್ತೆ ಇಡುದ್ರು. ಕಸ ಗುಡ್ಸು ಅಂತ ಕೊಟ್ಟಿದ್ರೆ ಕಸ ಗುಡ್ಸಾ ಕೆಲ್ಸ ಅನ್ಕತಿದ್ದೊ. ಮೇಲ್ವಿಚಾರಕಿ ಅಂತ ಎಸ್ರು ಮಡಗಿ ಕೊಟ್ರಲ್ಲ, ನಮ್ಮುನ್ನ ಅಷ್ಟೂ ತಿಳೀದೋರು ಅನ್ಕಂಡ್ರಾ?”

ಶೋಭಿತಾ ಒಳಗಿನಿಂದ ಬಂದು ಕುರ್ಚಿ ಹಾಕಿದಳು. ನಾನು ಕೂರಲಿಲ್ಲ. ತಪ್ಪಾಯಿತು ಕಣವ್ವ, ಆ ದೂರು ನನ್ನ ಬಾಯಿಂದಲೇ ಹೊರಟಿದ್ದು ಎಂದು ಹೇಳಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತು. ಊರಿನಲ್ಲಿ ಗೊತ್ತಿಲ್ಲದೆ ಇದ್ದದ್ದು ನನಗೊಬ್ಬನಿಗೇ.

“ತಪ್ಪಾಯ್ತು ಅಂತ ನಮ್ಮನೆ ಅಂಗಳದಲ್ಲಿ ನಿಂತ್ಕೊಂಡು ಹೇಳಿದ್ರೆ ನನಗೇನ್ ಬಂತು ಸಾರ್?” ಎಂದಳು. “ನೀವ್ ಅಂದಿದ್ದು ಬರವಣಿಗೇಲಿ ಅದೆ. ಅಲ್ಲ ಅನ್ನೋದೂ ಬರವಣಿಗೇಲೇ ಬರ್ಲಿ. ಹಾಲಿಗೆ ನೀರು ಸೇರಿತ್ತು, ನಾನು ಸರಿಯಾಗೇ ಹೇಳ್ದೆ ಅಂತ ಬರ್ದ್ ಕೊಡಿ.”

ಕೊಡುತ್ತೇನೆ ಎಂದು ಹೇಳಿ ಬಂದೆ. ಬಂದವನು ಮೂರು ವಾರ ಬರೆಯಲಿಲ್ಲ. ಕಾರಣಗಳು ಬೇಕೇ? ನನ್ನ ತಮ್ಮನ ಮನೆಯಲ್ಲಿ ಮದುವೆ ಇತ್ತು, ಸಿದ್ದರಾಮು ಓಡಾಡಬೇಕಿತ್ತು. ಬೋರ್ಡಿನ ಚುನಾವಣೆ ಹತ್ತಿರ ಬಂದಿತ್ತು. ನೀರು ಸೇರಿಸಿದ ಹಾಲು ಎಂದು ಸ್ವಂತ ಕೈಯಿಂದ ಬರೆದುಕೊಟ್ಟರೆ ಊರಿನಲ್ಲಿ ಮೇಷ್ಟ್ರ ಮರ್ಯಾದೆ ಏನಾಗಬೇಕು? ಅವಳಿಗೆ ಕಳುಹಿಸಿದ ಗೈರುಹಾಜರಿಯ ನೋಟಿಸು ಆ ಮೂರು ವಾರದಲ್ಲೇ ಹೊರಟಿತು. ಅದನ್ನು ನಾನು ತಡೆಯಬಹುದಿತ್ತು, ತಡೆಯಲಿಲ್ಲ.

ನನ್ನ ಮರ್ಯಾದೆಯ ಚಿಂತೆಯನ್ನು ಒಂದು ಬೆಳಿಗ್ಗೆ ದೇವಿರಮ್ಮ ಮುಗಿಸಿದಳು. ನೋಟಿಸಿನ ಸುದ್ದಿ ಕೇಳಿ, ನನ್ನ ಕೈಯಿಂದ ಕ್ಯಾನ್ ಕಿತ್ತುಕೊಂಡು ತಾನೇ ಡೈರಿಗೆ ಹೋದಳು. ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳಂತೆ: “ಅವತ್ತು ನಮ್ಮನೆ ಹಾಲ್ಗೆ ನೀರ್ ಉಯ್ದಿದ್ದೋಳು ನಾನು. ಚೊಂಬ್ ತೊಳ್ದ್ ನೀರು. ಆ ಹೆಣ್ಮಗ ಸುಳ್ ಹೇಳ್ನಿಲ್ಲ. ಸುಳ್ ಹೇಳ್ದೋರು ಗಂಡುಸ್ರು, ಪುಸ್ತಕ್ದಲ್ ಬರ್ಕಂಡವ್ರೆ.” ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ತಾವೂ ಗಲಬರಿಸಿದ ನೀರು ಸುರಿಯುವುದುಂಟು ಎಂದು ಒಪ್ಪಿಕೊಂಡರಂತೆ. ಕೋರಂ ಇರಲಿಲ್ಲ, ಕಾರ್ಯಸೂಚಿ ಇರಲಿಲ್ಲ, ಒಂದು ನಿಮಿಷವೂ ಹಿಡಿಯಲಿಲ್ಲ. ಸಿದ್ದರಾಮು ‘ಚಿಕ್ಕಮ್ಮ ತಮಾಷೆ ಮಾಡ್ತಾರೆ’ ಎಂದು ನಕ್ಕುಬಿಟ್ಟ. ಅವಳು ಮನೆಗೆ ಬಂದು ನನ್ನ ಮುಂದೆ ಹಾಳೆ ಪೆನ್ನು ಇಟ್ಟು ಒಳಗೆ ಹೋದಳು. ಆ ದಿನ ಬರೆದೆ.

ಬರೆದದ್ದನ್ನು ಊರಿನಲ್ಲಿ ಯಾರಿಗೂ ತೋರಿಸದೆ, ಮದ್ದೂರಿನಲ್ಲಿ ಬಸ್ಸು ಬದಲಿಸಿ ನಿಮ್ಮ ಕಚೇರಿಗೆ ತಂದೆ. ನಿಮಗೆ ನೆನಪಿರಬೇಕು. ನೀವು ನನಗೆ ಟೀ ತರಿಸಿದಿರಿ, ಎರಡೂ ಪುಟ ಓದಿದಿರಿ. ಓದಿದ್ದಕ್ಕೆ ಕೃತಜ್ಞತೆ, ನಾವು ಅಷ್ಟೂ ಮಾಡುವುದಿಲ್ಲ. ಆಮೇಲೆ ಹೇಳಿದಿರಿ: “ಒಂದ್ಸಲ ಮಾಡಿದ ಸಹಿ ವಾಪಸ್ ಬರಲ್ಲ ಮೇಷ್ಟ್ರೇ. ಬೋರ್ಡು ತೀರ್ಮಾನ ಅಂದ್ರೆ ಬೋರ್ಡು ತೀರ್ಮಾನ. ನಾವು ಮಧ್ಯ ಬಂದ್ರೆ ಸಂಘದ ಸ್ವಾಯತ್ತತೆ ಏನಾಗ್ಬೇಕು? ಆಕೆಗೆ ಸಂಬಳ ಏನೂ ಕಮ್ಮಿ ಆಗಿಲ್ವಲ್ಲ. ಊರಲ್ಲೇ ಕೂತು ಬಗೆಹರಿಸ್ಕೊಳ್ಳಿ.” ಸ್ವಾಯತ್ತತೆಯ ಮೇಲೆ ನಿಮಗಿರುವ ಗೌರವ ದೊಡ್ಡದು. ಸ್ವಚ್ಛತೆಗೆ ಒಬ್ಬರನ್ನು ನೇಮಿಸಿ ಎಂದು ಇನ್ನೂರು ಸಂಘಗಳಿಗೆ ಒಂದೇ ದಿನ ಆಜ್ಞೆ ಮಾಡುವಾಗ ಅದು ಎಲ್ಲಿಗೆ ಹೋಗಿತ್ತು? ಸಂಬಳ ಅಷ್ಟೇ ಇದೆ ನಿಜ. ನಾಳೆ ನಿಮ್ಮ ಸಂಬಳ ಹಾಗೇ ಇಟ್ಟು, ಕಚೇರಿಯ ಬಾಗಿಲಲ್ಲಿ ಚಪ್ಪಲಿ ಕಾಯುವ ‘ಪಾದರಕ್ಷಾ ವ್ಯವಸ್ಥಾಪಕ’ ಎಂದು ನೇಮಿಸಿದರೆ ತಾವು ಅರ್ಜಿ ಬರೆಯುವುದಿಲ್ಲವೇ? ಊರಿನಲ್ಲಿ ಕೂತು ಬಗೆಹರಿಸಿಕೊಳ್ಳಿ ಎಂದಿರಿ. ಊರಿನಲ್ಲಿ ಕೂತು ಮಾಡಿದ್ದರ ಫಲವೇ ಇದು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡಿಕೊಳ್ಳುತ್ತಿಲ್ಲ. ಇಪ್ಪತ್ತೆಂಟರ ಮೊದಲು ಆ ನಿರ್ಣಯವನ್ನು ಅಮಾನತು ಮಾಡಿ ಶೋಭಿತಾಳನ್ನು ಪರೀಕ್ಷಕಿಯ ಕುರ್ಚಿಗೆ ಮರಳಿಸಿ. ಗೈರುಹಾಜರಿಯ ನೋಟಿಸನ್ನು ಹಿಂದಕ್ಕೆ ತೆಗೆಸಿ. ಅವಳು ಕುಳಿತಿದ್ದ ಎರಡು ವರ್ಷದಲ್ಲಿ ನಮ್ಮ ಪಟ್ಟಿಯ ಅಂಕಿಗೂ ಅದೇ ಹಾಲನ್ನು ನಿಮ್ಮ ಟ್ಯಾಂಕರಿನಿಂದ ತೆಗೆದು ಪರೀಕ್ಷಿಸಿದ ಅಂಕಿಗೂ ಎಷ್ಟು ಹೊಂದಿಕೆ ಇತ್ತು, ಅವಳು ಎದ್ದ ಮೇಲೆ ಎಷ್ಟು ಇದೆ ಎಂಬುದು ನಿಮ್ಮ ಕಡತದಲ್ಲೇ ಇದೆ, ತೆಗೆದು ನೋಡಿ. ನನ್ನ ದೂರು ಸುಳ್ಳು ಎಂದು ಅದೇ ಪುಸ್ತಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ. ನನ್ನನ್ನು ನಿರ್ದೇಶಕ ಸ್ಥಾನದಿಂದ ತೆಗೆಯುವ ಅಧಿಕಾರ ನಿಮಗಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಯಾರಿಗಿದೆಯೋ ಅವರಿಗೆ ಬರೆಯಿರಿ. ನಾನೇ ರಾಜೀನಾಮೆ ಕೊಡಬಹುದಲ್ಲ ಎನ್ನುತ್ತೀರಿ. ಕೊಟ್ಟರೆ ಇಪ್ಪತ್ತೆಂಟರ ಸಭೆಯಲ್ಲಿ ಬೇಡ ಎನ್ನಲು ಒಬ್ಬನೂ ಇರುವುದಿಲ್ಲ.

ಬೇಡ ಎನ್ನುತ್ತೇನೆಯೇ? ಆ ಬಗ್ಗೆ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ನಿನ್ನೆ ಬೆಳಿಗ್ಗೆ ಸಿದ್ದರಾಮು ಮನೆಗೆ ಬಂದ. ಸಭೆಗೆ ಇನ್ನೂ ಒಂಬತ್ತು ದಿನ ಇದೆ, ಆಗಲೇ ಬಗಲಲ್ಲಿ ಪುಸ್ತಕ. “ಚಿಕ್ಕಪ್ಪ, ಅವತ್ತು ನೀವ್ ಬತ್ತೀರೋ ಇಲ್ವೋ, ಈಗ್ಲೇ ಒಂದ್ ಸೈನ್ ಹಾಕ್ಬುಡಿ,” ಎಂದ. ಪುಟದಲ್ಲಿ ತಾರೀಖಿನ ಹೊರತು ಏನೂ ಇರಲಿಲ್ಲ. ಈ ಪತ್ರವನ್ನು ಮುಕ್ಕಾಲು ಬರೆದು ಮೇಜಿನ ಮೇಲಿಟ್ಟಿದ್ದೆ, ಅವನು ಬಂದ ಸದ್ದಿಗೆ ಅದರ ಮೇಲೆ ಪೇಪರು ಮುಚ್ಚಿದೆ. ಆಗುವುದಿಲ್ಲ ಎನ್ನಬೇಕಿತ್ತು. ನಿಮಗೆ ಇಷ್ಟುದ್ದ ಬರೆದವನ ಬಾಯಲ್ಲಿ ಆ ಒಂದು ಮಾತು ಹೊರಡಲಿಲ್ಲ. “ಬಲಗೈ ನೋವು ಕಣಪ್ಪ, ಪೆನ್ನು ಹಿಡಿಯಕ್ಕಾಗ್ತಿಲ್ಲ. ಸೋಮವಾರ ಬಾ,” ಎಂದೆ. ಎಣ್ಣೆ ಹಚ್ಚಿ ಬಿಸಿನೀರು ಹಾಕ್ಕೊಳ್ಳಿ ಎಂದು ಅಕ್ಕರೆಯಿಂದ ಹೇಳಿ ಹೋದ. ಒಳಗಿದ್ದ ದೇವಿರಮ್ಮನಿಗೆ ಎಲ್ಲವೂ ಕೇಳಿಸಿತ್ತು. ಅವಳು ಎಣ್ಣೆಯ ಬಟ್ಟಲು ತಂದು ಮೇಜಿನ ಮೇಲೆ, ಪೆನ್ನಿನ ಪಕ್ಕ ಇಟ್ಟು ಹೋದಳು.

ನಿಮಗೊಬ್ಬರಿಗೆ ಹೇಳುವುದಾಗಿದ್ದರೆ ಈ ಪತ್ರವನ್ನು ಅಂಚೆಗೆ ಹಾಕುತ್ತಿದ್ದೆ. ಪತ್ರಿಕೆಗೆ ಕೊಡುತ್ತಿರುವುದು ನಿಮ್ಮನ್ನು ಹೆದರಿಸಲು ಅಲ್ಲ. ಸೋಮವಾರ ಅವನು ಪುಸ್ತಕ ತರುತ್ತಾನೆ. ಅಷ್ಟರೊಳಗೆ ಇದು ಅಚ್ಚಾಗಿ ನಮ್ಮೂರ ಟೀ ಅಂಗಡಿಗೆ ಬಂದರೆ ನಾನು ಸಹಿ ಹಾಕಲಾರೆ. ಬಾರದಿದ್ದರೆ ಹಾಕಿಬಿಡುತ್ತೇನೆ ಎಂಬ ಭಯ ನನಗಿದೆ.

ಇಂತಿ,
ಬಲಗೈ ನೆಟ್ಟಗಿರುವ,
ಜಯಪ್ರಕಾಶ್
ನಿವೃತ್ತ ವಿಜ್ಞಾನ ಶಿಕ್ಷಕ, ಈ ಕ್ಷಣದವರೆಗೆ ನಿರ್ದೇಶಕ